ಕತ್ತಿಗೆ ಅಂಟಿದ ತಾಮ್ರ

ಗೋಣಿಕೊಪ್ಪಲಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ, ನಾಗರಹೊಳೆಯ ಕಾಡಿನ ಅಂಚಿನಲ್ಲಿ, ತಿತಿಮತಿ ಎಂಬ ಊರಿದೆ. ಒಂದು ಕಡೆ ತೇಗದ ಮರಗಳು, ಇನ್ನೊಂದು ಕಡೆ ಕಾಫಿಯ ತೋಟಗಳು. ತೋಟದ ನೆರಳುಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಗಳು. ಮುಂಗಾರು ಹಿಡಿಯುವ ಹೊತ್ತಿಗೆ ಈ ಸೀಮೆಯ ತೋಟಗಳಲ್ಲಿ ನಡೆಯುವ ಕೆಲಸವೊಂದುಂಟು. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಒಂದುಗೂಡಿಸಿ, ಬೋರ್ಡೋ ದ್ರಾವಣವನ್ನು ಮಾಡಿ, ಬಳ್ಳಿಗೂ ಗಿಡಕ್ಕೂ ಸಿಂಪಡಿಸುತ್ತಾರೆ. ಮೆಣಸಿನ ಸೊರಗು ರೋಗಕ್ಕೆ, ಕಾಫಿಯ ಕೊಳೆರೋಗಕ್ಕೆ, ಎಲೆಯ ತುಕ್ಕು ರೋಗಕ್ಕೆ ಇದು ಹಳೆಯ ಮದ್ದು. ೧೮೮೫ರ ಸುಮಾರಿನಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ಇದರ ಗುಣವನ್ನು ಲೋಕಕ್ಕೆ ತಿಳಿಸಿಕೊಟ್ಟನು. ಆ ಊರಿನ ಹೆಸರೇ ಮದ್ದಿಗೂ ನಿಂತಿತು.

ದ್ರಾವಣವು ಸರಿಯಾಗಿ ಕೂಡಿದೆಯೋ ಇಲ್ಲವೋ ಎಂದು ನೋಡಲು ತೋಟದವರು ಒಂದು ಪರೀಕ್ಷೆ ಮಾಡುತ್ತಾರೆ. ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದರಲ್ಲಿ ಅದ್ದಿ ಹಿಡಿದು ತೆಗೆಯುತ್ತಾರೆ. ಕತ್ತಿಯು ಮೊದಲಿನಂತೆಯೇ ಹೊಳೆಯುತ್ತಿದ್ದರೆ ಮದ್ದು ಸರಿ. ಅಲಗಿನ ಮೇಲೆ ಕೆಂಪು ಬಣ್ಣ ಏರಿದ್ದರೆ ಸುಣ್ಣ ಸಾಲದು ಎಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ನೋಡಬೇಕು. ಇದನ್ನು ಉದಾಸೀನ ಮಾಡಿ ಹಾಗೆಯೇ ಸಿಂಪಡಿಸಿದರೆ ಎಳೆಯ ಚಿಗುರು ಸುಟ್ಟುಹೋಗುತ್ತದೆ. ರೋಗದಿಂದ ಉಳಿಸಬೇಕಾದ ಮದ್ದೇ ಗಿಡಕ್ಕೆ ಮಾರಿಯಾಗುತ್ತದೆ.

ರಜೆಯಲ್ಲಿ ತೋಟಕ್ಕೆ ಬಂದ ಹುಡುಗನೊಬ್ಬನು ಹೀಗೆ ಕೆಂಪೇರಿದ ಕತ್ತಿಯನ್ನು ಕಂಡನೆಂದು ಭಾವಿಸೋಣ. ಅವನು ಕೇಳುವ ಪ್ರಶ್ನೆ ಸಹಜವಾದುದೇ: "ಅಜ್ಜ, ಕಬ್ಬಿಣ ತಾಮ್ರ ಆಗಿಬಿಟ್ಟಿತಾ?"

"ಇಲ್ಲ ಮಗಾ, ತಾಮ್ರ ಅದಕ್ಕೆ ಅಂಟಿಕೊಂಡಿದೆ ಅಷ್ಟೆ. ಉಜ್ಜಿದರೆ ಹೋಗುತ್ತದೆ."

"ನೀರಲ್ಲಿ ತಾಮ್ರ ಎಲ್ಲಿತ್ತು? ನೀರು ನೀಲಿಯಾಗಿತ್ತಲ್ಲ!"

ಅಜ್ಜನ ಉತ್ತರ ಸರಿಯಾದುದು. ಆದರೆ ಮೊಮ್ಮಗನ ಎರಡನೆಯ ಪ್ರಶ್ನೆಯನ್ನು ಬಿಡಿಸಲು ಪರಮಾಣುವಿನ ಒಳಕ್ಕೇ ಇಳಿಯಬೇಕಾಗುತ್ತದೆ. ಕಬ್ಬಿಣವು ಏಕೆ ಕಬ್ಬಿಣ, ತಾಮ್ರವು ಏಕೆ ತಾಮ್ರ, ಒಂದು ಇನ್ನೊಂದಾಗುವುದು ಸಾಧ್ಯವೇ, ಎಂಬ ಈ ಪ್ರಶ್ನೆಯನ್ನು ಹಿಂದಿನ ರಸವಾದಿಗಳೂ ಕೇಳಿದ್ದರು. ಕೀಳು ಲೋಹವನ್ನು ಚಿನ್ನ ಮಾಡುವ ಆಸೆಯಿಂದ ಎಷ್ಟೋ ಜನ ಆಯುಷ್ಯವನ್ನೇ ಕಳೆದರು. ಕತ್ತಿಯ ಮೇಲೆ ತಾಮ್ರ ಏರುವುದನ್ನು ಕಂಡವರಿಗೆ ಆ ಆಸೆ ಹುಟ್ಟಿದ್ದರೆ ಆಶ್ಚರ್ಯವೇನೂ ಇಲ್ಲ.

ಮೂಲವಸ್ತು ಎಂದರೇನು?

ಮೈಲುತುತ್ತದ ಹರಳನ್ನು ಕಾಯಿಸಿದರೆ ನೀರು ಆವಿಯಾಗಿ ಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಇನ್ನೂ ಬೇರೆ ಉಪಾಯಗಳಿಂದ ಆ ಪುಡಿಯನ್ನು ಒಡೆದರೆ ತಾಮ್ರ, ಗಂಧಕ, ಆಮ್ಲಜನಕಗಳು ದೊರೆಯುತ್ತವೆ. ಅಲ್ಲಿಗೆ ನಿಲ್ಲಬೇಕು. ತಾಮ್ರವನ್ನು ಕಾಯಿಸಿ, ಕರಗಿಸಿ, ಆಮ್ಲದಲ್ಲಿ ನೆನೆಸಿ, ಏನು ಮಾಡಿದರೂ ಅದರಿಂದ ಇನ್ನೂ ಸರಳವಾದ ವಸ್ತುವನ್ನು ತೆಗೆಯಲಾಗದು. ಇಂಥ ವಸ್ತುವಿಗೆ ಮೂಲವಸ್ತು ಅಥವಾ ಧಾತು ಎಂದು ಹೆಸರು. ಇಂದು ನಮಗೆ ತಿಳಿದಿರುವ ಮೂಲವಸ್ತುಗಳು ೧೧೮. ನಮ್ಮ ಸುತ್ತಲಿನ ಮಣ್ಣು, ಮರ, ಮೈ, ಮೋಡ ಎಲ್ಲವೂ ಇವುಗಳ ಕೂಟದಿಂದಲೇ ಆದವು.

ಮೂಲವಸ್ತುವಿನ ಅತ್ಯಂತ ಸಣ್ಣ ತುಣುಕು ಪರಮಾಣು. ಎಷ್ಟು ಸಣ್ಣದು ಎಂದರೆ, ಒಂದು ಗ್ರಾಂ ತಾಮ್ರದಲ್ಲಿ ೯೫ರ ಮುಂದೆ ಇಪ್ಪತ್ತು ಸೊನ್ನೆಗಳನ್ನು ಬರೆದಷ್ಟು ಪರಮಾಣುಗಳಿವೆ. ಒಡೆಯಲಾಗದ ಗುಂಡುಗಳೆಂದೇ ಇವನ್ನು ಬಹುಕಾಲ ಎಣಿಸಿದ್ದರು. ೧೮೯೭ರಲ್ಲಿ ಕೇಂಬ್ರಿಜ್‌ನ ಜೆ. ಜೆ. ಥಾಮ್ಸನ್ನನು ಪರಮಾಣುವಿಗಿಂತಲೂ ಬಹಳ ಹಗುರವಾದ, ಋಣ ವಿದ್ಯುತ್ತನ್ನು ಹೊತ್ತ ಕಣವನ್ನು ಗುರುತಿಸಿದನು. ಅದೇ ಎಲೆಕ್ಟ್ರಾನು. ಅಂದಿನ ರೇಡಿಯೋ ವಾಲ್ವುಗಳಲ್ಲಿ ಕಾದ ತಂತಿಯಿಂದ ಹೊರಟು ಹಾರುತ್ತಿದ್ದುದೂ ಇಂದು ನಮ್ಮ ಮನೆಯ ತಂತಿಗಳಲ್ಲಿ ಹರಿಯುವುದೂ ಇದೇ ಕಣ.

ಎಲೆಕ್ಟ್ರಾನು ಋಣವಾದರೆ ಅದನ್ನು ಸರಿದೂಗಿಸುವ ಧನ ವಿದ್ಯುತ್ತು ಪರಮಾಣುವಿನಲ್ಲಿ ಎಲ್ಲಿಯೋ ಇರಲೇಬೇಕು. ಅದು ಎಲ್ಲಿದೆ ಎಂಬುದನ್ನು ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡನೂ ಅವನ ಸಂಗಡಿಗರೂ ಚಿನ್ನದ ರೇಕಿನ ಸಹಾಯದಿಂದ ಕಂಡುಹಿಡಿದರು. ಬಹು ತೆಳುವಾದ ಚಿನ್ನದ ರೇಕಿನ ಮೇಲೆ ಅತಿ ವೇಗದ ಧನಕಣಗಳನ್ನು ಹಾಯಿಸಿದಾಗ ಬಹುಪಾಲು ಕಣಗಳು ಅಡ್ಡಿಯೇ ಇಲ್ಲದಂತೆ ಆಚೆಗೆ ಸಾಗಿದವು. ಎಲ್ಲೋ ಕೆಲವು ಮಾತ್ರ ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಪುಟಿದವು. ಪರಮಾಣುವಿನ ಭಾರವೆಲ್ಲ ನಟ್ಟನಡುವಿನ ಒಂದು ಚುಕ್ಕೆಯಲ್ಲಿ ಅಡಗಿದೆ, ಉಳಿದುದೆಲ್ಲ ಬಯಲು, ಎಂದು ರುದರ್‌ಫರ್ಡನು ೧೯೧೧ರಲ್ಲಿ ಸಾರಿದನು. ಈ ಚುಕ್ಕೆಯನ್ನು ಬೀಜಕೇಂದ್ರ ಎನ್ನೋಣ.

ತೋಟದ ಉಪಮಾನವನ್ನೇ ತೆಗೆದುಕೊಳ್ಳುವುದಾದರೆ, ತಾಮ್ರದ ಪರಮಾಣುವಿನ ಬೀಜಕೇಂದ್ರವು ಒಂದು ಮೆಣಸಿನ ಕಾಳಿನಷ್ಟಿದ್ದರೆ ಇಡೀ ಪರಮಾಣುವಿನ ಅಗಲ ಸುಮಾರು ೧೩೦ ಮೀಟರ್ ಆಗುತ್ತದೆ. ದೊಡ್ಡ ಆಟದ ಮೈದಾನದ ನಡುವೆ ಒಂದು ಮೆಣಸಿನ ಕಾಳು. ಅದರ ಸುತ್ತ, ಮೈದಾನದ ಅಂಚಿನವರೆಗೂ, ಎಲೆಕ್ಟ್ರಾನುಗಳ ಸಂಚಾರ. ನಾವು ಗಟ್ಟಿಯೆಂದು ನಂಬಿದ ಕತ್ತಿಯ ಅಲಗು ಒಳಗೆ ಬಹುಮಟ್ಟಿಗೆ ಬಯಲೇ ಆಗಿದೆ.

ಬೀಜಕೇಂದ್ರದಲ್ಲಿ ಎರಡು ಬಗೆಯ ಕಣಗಳಿವೆ. ಧನ ವಿದ್ಯುತ್ತುಳ್ಳ ಪ್ರೋಟಾನು ಒಂದು. ಯಾವ ವಿದ್ಯುತ್ತೂ ಇಲ್ಲದ ನ್ಯೂಟ್ರಾನು ಇನ್ನೊಂದು. ನ್ಯೂಟ್ರಾನನ್ನು ಚಾಡ್ವಿಕ್ಕನು ಕಂಡುಹಿಡಿದುದು ೧೯೩೨ರಲ್ಲಿ. ಒಂದು ಪ್ರೋಟಾನು ಸುಮಾರು ೧,೮೩೬ ಎಲೆಕ್ಟ್ರಾನುಗಳಷ್ಟು ತೂಗುತ್ತದೆ. ನ್ಯೂಟ್ರಾನಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಪರಮಾಣುವಿನಲ್ಲಿ ಪ್ರೋಟಾನುಗಳು ಎಷ್ಟೋ ಎಲೆಕ್ಟ್ರಾನುಗಳೂ ಅಷ್ಟೇ ಇರುವುದರಿಂದ ಒಟ್ಟಿನಲ್ಲಿ ಅದು ಧನವೂ ಅಲ್ಲ, ಋಣವೂ ಅಲ್ಲ.

ಮೂಲವಸ್ತುವಿನ ಗುರುತು ಅದರ ಪ್ರೋಟಾನುಗಳ ಸಂಖ್ಯೆ. ಜಲಜನಕಕ್ಕೆ ೧, ಇಂಗಾಲಕ್ಕೆ ೬, ಕಬ್ಬಿಣಕ್ಕೆ ೨೬, ತಾಮ್ರಕ್ಕೆ ೨೯, ಸತುವಿಗೆ ೩೦, ಚಿನ್ನಕ್ಕೆ ೭೯. ಇದಕ್ಕೆ ಪರಮಾಣು ಸಂಖ್ಯೆ ಎಂದು ಹೆಸರು. ನ್ಯೂಟ್ರಾನುಗಳು ಒಂದೆರಡು ಹೆಚ್ಚುಕಡಿಮೆಯಾದರೂ ಮೂಲವಸ್ತು ಬದಲಾಗದು. ಪ್ರಕೃತಿಯಲ್ಲಿ ಸಿಕ್ಕುವ ತಾಮ್ರದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು ೬೯ಕ್ಕೆ ೩೪ ನ್ಯೂಟ್ರಾನುಗಳಿವೆ, ಉಳಿದವಕ್ಕೆ ೩೬. ಎರಡೂ ತಾಮ್ರವೇ. ಹೀಗೆ ಒಂದೇ ಮೂಲವಸ್ತುವಿನ ಬೇರೆಬೇರೆ ತೂಕದ ಪರಮಾಣುಗಳನ್ನು ಐಸೋಟೋಪುಗಳೆನ್ನುತ್ತಾರೆ. ಎರಡರ ಸರಾಸರಿ ಹಿಡಿಯುವುದರಿಂದಲೇ ತಾಮ್ರದ ಪರಮಾಣು ತೂಕ ೬೩.೫೫ ಎಂಬ ಭಿನ್ನರಾಶಿಯಾಗಿದೆ.

ಕತ್ತಿಯ ಮೇಲೆ ನಡೆದುದೇನು?

ಈಗ ಹುಡುಗನ ಪ್ರಶ್ನೆಗೆ ಮರಳೋಣ. ಮೈಲುತುತ್ತವನ್ನು ನೀರಿಗೆ ಹಾಕಿದಾಗ ತಾಮ್ರದ ಪರಮಾಣುಗಳು ತಮ್ಮ ಪೂರ್ಣ ರೂಪದಲ್ಲಿ ಇರುವುದಿಲ್ಲ. ಒಂದೊಂದೂ ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುತ್ತದೆ. ಪ್ರೋಟಾನು ೨೯, ಎಲೆಕ್ಟ್ರಾನು ೨೭. ಹೀಗೆ ಲೆಕ್ಕ ತಪ್ಪಿದ ಪರಮಾಣುವಿಗೆ ಅಯಾನು ಎನ್ನುತ್ತಾರೆ. ಲೋಹದ ಹೊಳಪೂ ಕೆಂಪೂ ತಾಮ್ರದ ಪರಮಾಣುಗಳು ಪೂರ್ಣವಾಗಿದ್ದು ಒತ್ತೊತ್ತಾಗಿ ಕೂಡಿದಾಗಿನ ಗುಣ. ನೀರಿನ ನೀಲಿಯು ನೀರಿನ ಕಣಗಳು ಸುತ್ತುಗಟ್ಟಿದ ತಾಮ್ರದ ಅಯಾನಿನ ಗುಣ. ತಾಮ್ರ ಅಲ್ಲಿಯೇ ಇತ್ತು. ಎರಡು ಎಲೆಕ್ಟ್ರಾನುಗಳ ಕೊರತೆಯಿಂದ ಅದರ ವೇಷ ಬದಲಾಗಿತ್ತು.

ಕಬ್ಬಿಣದ ಕತ್ತಿ ಆ ನೀರಿಗೆ ಇಳಿದೊಡನೆ ಒಂದು ವ್ಯಾಪಾರ ಆರಂಭವಾಗುತ್ತದೆ. ಕಬ್ಬಿಣವು ತನ್ನ ಹೊರಗಿನ ಎಲೆಕ್ಟ್ರಾನುಗಳನ್ನು ಅಷ್ಟು ಬಿಗಿಯಾಗಿ ಹಿಡಿದಿರುವುದಿಲ್ಲ. ತಾಮ್ರದ ಎಳೆತವೇ ಹೆಚ್ಚು. ಕತ್ತಿಯ ಮೇಲ್ಮೈಯ ಒಂದು ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ಅಯಾನಾಗಿ ನೀರಿಗೆ ಇಳಿಯುತ್ತದೆ. ಅವನ್ನು ಪಡೆದ ತಾಮ್ರದ ಅಯಾನು ಪೂರ್ಣ ತಾಮ್ರವಾಗಿ ಕತ್ತಿಯ ಮೇಲೆ ಕೂರುತ್ತದೆ. ೨೬ ಪ್ರೋಟಾನುಗಳಿದ್ದುದು ೨೬ ಪ್ರೋಟಾನುಗಳಾಗಿಯೇ ಹೋಯಿತು. ೨೯ ಇದ್ದುದು ೨೯ ಆಗಿಯೇ ಬಂದಿತು. ಕೈ ಬದಲಾದುದು ಎರಡು ಎಲೆಕ್ಟ್ರಾನು ಮಾತ್ರ. ಆದುದರಿಂದ ಕಬ್ಬಿಣ ತಾಮ್ರವಾಗಲಿಲ್ಲ. ಕಬ್ಬಿಣ ಹೊರಟಿತು, ತಾಮ್ರ ಆ ಜಾಗದಲ್ಲಿ ಕುಳಿತಿತು.

ರಸವಾದಿಗಳ ಸೋಲಿಗೂ ಇದೇ ಕಾರಣ. ಪಾದರಸದ ಸಂಖ್ಯೆ ೮೦, ಚಿನ್ನದ್ದು ೭೯. ನಡುವಿನ ಅಂತರ ಒಂದೇ ಒಂದು ಪ್ರೋಟಾನು. ಆದರೆ ಒಲೆಯ ಬೆಂಕಿಯೂ ಆಮ್ಲದ ಕಟುತನವೂ ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳನ್ನಷ್ಟೇ ಮುಟ್ಟಬಲ್ಲವು. ಮೈದಾನದ ಅಂಚಿನಲ್ಲಿ ಎಷ್ಟು ಗದ್ದಲವಾದರೂ ನಡುವಿನ ಮೆಣಸಿನ ಕಾಳಿಗೆ ಅದರ ಸುದ್ದಿಯೇ ಮುಟ್ಟದು. ಬೀಜಕೇಂದ್ರವನ್ನೇ ಒಡೆಯುವ ಕೆಲಸಕ್ಕೆ ಬೇರೆ ಸಾಧನ ಬೇಕು. ಉತ್ತರ ಕನ್ನಡದ ಕೈಗಾದಲ್ಲಿ ೨೦೦೦ದಿಂದ ವಿದ್ಯುತ್ತನ್ನು ಕೊಡುತ್ತಿರುವ ಸ್ಥಾವರದಲ್ಲಿ ನಡೆಯುವುದು ಆ ಕೆಲಸ. ಅಲ್ಲಿ ಯುರೇನಿಯಮ್ಮಿನ ಬೀಜಕೇಂದ್ರ ನ್ಯೂಟ್ರಾನಿನ ಪೆಟ್ಟಿಗೆ ಸೀಳಿ ಬೇರೆ ಮೂಲವಸ್ತುಗಳಾಗುತ್ತದೆ. ಕೋಲಾರದ ಗಣಿಗಳಲ್ಲಿ ೨೦೦೧ರವರೆಗೆ ಬಂಡೆಯಿಂದ ತೆಗೆದ ಚಿನ್ನವಾದರೋ ಯಾರೂ ಮಾಡಿದುದಲ್ಲ. ಇದ್ದುದನ್ನು ಆರಿಸಿ ತೆಗೆದುದು.

ಇನ್ನು ಸುಣ್ಣದ ಪಾತ್ರ. ಸುಣ್ಣ ಸಾಕಷ್ಟು ಇದ್ದಾಗ ತಾಮ್ರದ ಅಯಾನುಗಳು ಅದರೊಡನೆ ಸೇರಿ ನೀರಿನಲ್ಲಿ ಕರಗದ ತಿಳಿನೀಲಿ ಗಷ್ಟಾಗಿ ನಿಲ್ಲುತ್ತವೆ. ಆಗ ಕತ್ತಿಯಿಂದ ಎಲೆಕ್ಟ್ರಾನನ್ನು ಕಸಿಯಲು ಬಿಡಿಯಾದ ತಾಮ್ರ ಅಲ್ಲಿ ಇರುವುದಿಲ್ಲ. ಕತ್ತಿ ಬೆಳ್ಳಗೆ ಹೊರಬರುತ್ತದೆ. ಎಲೆಯ ಮೇಲೆ ಒಣಗಿದ ಈ ಗಷ್ಟು ಮಳೆಯ ತೇವದಲ್ಲಿ ಅಷ್ಟಷ್ಟಾಗಿ ತಾಮ್ರವನ್ನು ಬಿಡುತ್ತಾ ಬೂಷ್ಟಿನ ಬೀಜಕಣಗಳನ್ನು ಮೊಳೆಯುವಲ್ಲಿಯೇ ಕೊಲ್ಲುತ್ತದೆ. ಸುಣ್ಣ ಕಡಿಮೆಯಾದರೆ ತಾಮ್ರವೆಲ್ಲ ಒಮ್ಮೆಗೇ ಎಲೆಯ ಮೇಲೆ ಎರಗುತ್ತದೆ. ಆದುದರಿಂದ ಕತ್ತಿಯ ಪರೀಕ್ಷೆಯು ಬರಿಯ ಆಚಾರವಲ್ಲ. ಬಿಡಿ ಅಯಾನು ಉಳಿದಿದೆಯೇ ಎಂದು ಕಬ್ಬಿಣವನ್ನು ಕೇಳಿ ತಿಳಿಯುವ ರಸಾಯನ ಪರೀಕ್ಷೆ. ಈ ದ್ರಾವಣವನ್ನು ಕಬ್ಬಿಣದ ಪೀಪಾಯಿಯಲ್ಲಾಗಲಿ ಸತು ಹಚ್ಚಿದ ಬಕೆಟ್ಟಿನಲ್ಲಾಗಲಿ ಕಲಸಬಾರದೆಂಬ ಎಚ್ಚರಿಕೆಗೂ ಕಾರಣ ಅದೇ. ಅಲ್ಲಿ ತಾಮ್ರವೆಲ್ಲ ಪಾತ್ರೆಗೆ ಅಂಟಿ ಪಾತ್ರೆಯೂ ಹಾಳು, ಮದ್ದೂ ಹಾಳು.

ಗೋಡೆಯ ಕ್ಯಾಲೆಂಡರಿನಂಥ ಪಟ್ಟಿ

ಎಲೆಕ್ಟ್ರಾನುಗಳು ಬೀಜಕೇಂದ್ರದ ಸುತ್ತ ಹೇಗೆಂದರೆ ಹಾಗೆ ಇರುವುದಿಲ್ಲ. ಅವು ಸುತ್ತುಸುತ್ತಾಗಿ, ಈರುಳ್ಳಿಯ ಪದರಗಳಂತೆ ನೆಲಸಿವೆ. ೧೯೧೩ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರನು ಇದಕ್ಕೆ ಮೊದಲ ಚಿತ್ರವನ್ನು ಕೊಟ್ಟನು. ಸೂರ್ಯನ ಸುತ್ತ ಗ್ರಹಗಳು ಸುತ್ತುವಂತೆ ಎಲೆಕ್ಟ್ರಾನುಗಳು ಸುತ್ತುತ್ತವೆಂಬ ಆ ಚಿತ್ರವನ್ನು ಮುಂದಿನ ವಿಜ್ಞಾನಿಗಳು ತಿದ್ದಿದರು; ಎಲೆಕ್ಟ್ರಾನಿಗೆ ಗೆರೆ ಎಳೆದಂಥ ದಾರಿಯಿಲ್ಲ, ಅದು ಮಂಜಿನಂತೆ ಹರಡಿಕೊಂಡಿದೆ ಎಂಬುದು ಈಗಿನ ತಿಳಿವಳಿಕೆ. ಆದರೂ ಪದರಗಳ ಲೆಕ್ಕ ಉಳಿದಿದೆ. ಮೊದಲ ಪದರದಲ್ಲಿ ೨ ಎಲೆಕ್ಟ್ರಾನುಗಳಿಗೆ ಎಡೆ, ಎರಡನೆಯದರಲ್ಲಿ ೮ಕ್ಕೆ. ಮೂರನೆಯದರಲ್ಲಿ ೧೮ರವರೆಗೆ ಹಿಡಿಯಬಹುದಾದರೂ ಅದು ಮೊದಲು ೮ಕ್ಕೆ ನಿಂತು, ಹೊರಗಿನ ಪದರ ಶುರುವಾದ ಮೇಲೆ ಮತ್ತೆ ತುಂಬುತ್ತದೆ.

ಸೋಡಿಯಮ್ಮಿಗೆ ೧೧ ಎಲೆಕ್ಟ್ರಾನುಗಳು: ೨, ೮, ೧. ಪೊಟ್ಯಾಸಿಯಮ್ಮಿಗೆ ೧೯: ೨, ೮, ೮, ೧. ಎರಡಕ್ಕೂ ಹೊರಗಡೆ ಇರುವುದು ಒಂದೇ ಎಲೆಕ್ಟ್ರಾನು. ಇತರ ಪರಮಾಣುಗಳೊಡನೆ ವ್ಯವಹಾರವೆಲ್ಲ ಹೊರಗಿನ ಪದರದ ಮೂಲಕವೇ ನಡೆಯಬೇಕಾದುದರಿಂದ ಈ ಎರಡರ ನಡತೆಯೂ ಒಂದೇ ತೆರ. ಎರಡೂ ಚಾಕುವಿನಿಂದ ಕೊಯ್ಯುವಷ್ಟು ಮೆದು. ಎರಡೂ ನೀರಿಗೆ ಬಿದ್ದರೆ ಉರಿದೇಳುತ್ತವೆ. ಎರಡೂ ಕ್ಲೋರೀನಿನೊಡನೆ ಕೂಡಿದರೆ ಉಪ್ಪಾಗುತ್ತವೆ. ಮೊದಲಿನದು ನಮ್ಮ ಅಡಿಗೆಯ ಉಪ್ಪು. ಎರಡನೆಯದು ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ.

ಪರಮಾಣುವಿನ ಒಳಗು ಗೊತ್ತಾಗುವುದಕ್ಕೆ ಬಹಳ ಮುಂಚೆಯೇ ಈ ಹೋಲಿಕೆಯನ್ನು ಒಬ್ಬನು ಪಟ್ಟಿ ಮಾಡಿದನು. ಆತ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದ ದ್ಮಿತ್ರಿ ಮೆಂಡಲೀವ್. ೧೮೬೯ರಲ್ಲಿ ತಿಳಿದಿದ್ದ ಮೂಲವಸ್ತುಗಳು ೬೩. ಅವನ್ನು ತೂಕದ ಕ್ರಮದಲ್ಲಿ ಜೋಡಿಸುತ್ತಾ ಹೋದರೆ ಅದೇ ಗುಣಗಳು ಗೊತ್ತಾದ ಅಂತರದಲ್ಲಿ ಮರಳಿ ಬರುತ್ತವೆ ಎಂಬುದನ್ನು ಅವನು ಕಂಡನು. ಹೀಗೆ ಗುಣಗಳು ಆವರ್ತಿಸುವುದರಿಂದ ಅದಕ್ಕೆ ಆವರ್ತ ಕೋಷ್ಟಕ ಎಂದು ಹೆಸರು.

ಮನೆಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿರಿ. ತಾರೀಖುಗಳು ಒಂದರ ಪಕ್ಕದಲ್ಲಿ ಒಂದು ಅಡ್ಡಸಾಲಿನಲ್ಲಿ ಸಾಗುತ್ತವೆ. ಆದರೆ ಮೇಲಿನಿಂದ ಕೆಳಕ್ಕೆ ನೋಡಿದರೆ ಭಾನುವಾರದ ಕೆಳಗೆ ಭಾನುವಾರವೇ, ಸಂತೆಯ ದಿನದ ಕೆಳಗೆ ಸಂತೆಯ ದಿನವೇ. ಆವರ್ತ ಕೋಷ್ಟಕವೂ ಹಾಗೆಯೇ. ೩ ಲಿಥಿಯಂ, ೧೧ ಸೋಡಿಯಂ, ೧೯ ಪೊಟ್ಯಾಸಿಯಂ ಒಂದರ ಕೆಳಗೊಂದು ಕುಳಿತ ಒಂದೇ ವಾರದ ದಿನಗಳು. ವ್ಯತ್ಯಾಸವೆಂದರೆ ಕ್ಯಾಲೆಂಡರಿನ ವಾರ ಏಳು ದಿನಕ್ಕೇ ಮುಗಿಯುತ್ತದೆ. ಇಲ್ಲಿನ ಸಾಲುಗಳು ಪದರಗಳ ಲೆಕ್ಕದಂತೆ ಉದ್ದವಾಗುತ್ತಾ ಹೋಗುತ್ತವೆ. ಮೊದಲ ಸಾಲಿನಲ್ಲಿ ೨, ಮುಂದಿನ ಎರಡರಲ್ಲಿ ಎಂಟೆಂಟು, ಆಮೇಲಿನ ಎರಡರಲ್ಲಿ ಹದಿನೆಂಟು ಹದಿನೆಂಟು, ಕೊನೆಯ ಎರಡರಲ್ಲಿ ಮೂವತ್ತೆರಡು ಮೂವತ್ತೆರಡು. ಕೂಡಿಸಿದರೆ ೧೧೮. ನಮ್ಮ ಕಬ್ಬಿಣ, ತಾಮ್ರ, ಸತು ಇರುವುದು ನಾಲ್ಕನೆಯ ಸಾಲಿನ ನಡುವೆ, ಒಳಪದರ ಎಂಟರಿಂದ ಹದಿನೆಂಟಕ್ಕೆ ತುಂಬುತ್ತಿರುವ ಎಡೆಯಲ್ಲಿ. ಆದಕಾರಣವೇ ಅವು ನೆರೆಹೊರೆಯಾಗಿ ಲೋಹಗಳಾಗಿವೆ.

ಕ್ಯಾಲೆಂಡರಿನಲ್ಲಿ ಒಂದು ತಾರೀಖು ಹರಿದುಹೋಗಿದ್ದರೂ ಅದು ಯಾವ ವಾರವೆಂದು ಹೇಳಬಹುದಲ್ಲವೆ? ಮೆಂಡಲೀವನು ಮಾಡಿದುದು ಅದನ್ನೇ. ಗುಣಕ್ಕೆ ಹೊಂದದ ವಸ್ತುವನ್ನು ಬಲವಂತವಾಗಿ ತುರುಕದೆ ಅವನು ಕೆಲವು ಮನೆಗಳನ್ನು ಖಾಲಿ ಬಿಟ್ಟನು. ಸಿಲಿಕಾನಿನ ಕೆಳಗಿನ ಖಾಲಿ ಮನೆಗೆ ಸಂಸ್ಕೃತದ ಸಂಖ್ಯೆಯನ್ನೇ ಬಳಸಿ "ಏಕ-ಸಿಲಿಕಾನ್" ಎಂದು ಹೆಸರಿಟ್ಟು, ಅದರ ಪರಮಾಣು ತೂಕ ೭೨ರ ಸುಮಾರು, ಸಾಂದ್ರತೆ ನೀರಿನ ೫.೫ರಷ್ಟು ಎಂದು ೧೮೭೧ರಲ್ಲಿ ಮುಂದಾಗಿಯೇ ಬರೆದನು. ೧೮೮೬ರಲ್ಲಿ ಜರ್ಮನಿಯ ವಿಂಕ್ಲರನು ಆ ವಸ್ತುವನ್ನು ಅದಿರಿನಲ್ಲಿ ಕಂಡು ಜರ್ಮೇನಿಯಂ ಎಂದು ಕರೆದನು. ಅದರ ಪರಮಾಣು ತೂಕ ೭೨.೬, ಸಾಂದ್ರತೆ ೫.೩. ಯಾರೂ ಕಾಣದ ವಸ್ತುವಿನ ಜಾತಕವನ್ನು ಮೊದಲೇ ಬರೆದು, ಅದು ನಿಜವಾದಾಗ ಲೋಕವು ಪಟ್ಟಿಯನ್ನು ನಂಬಿತು.

ಈ ಜರ್ಮೇನಿಯಂ ರೇಡಿಯೋ ಕೇಳುವವರ ಮನೆಗೆ ಹತ್ತಿರದ ನಂಟ. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರನ್ನು ಮಾಡಿದುದು ಇದರ ತುಣುಕಿನಿಂದಲೇ. ಮೇಜಿನ ತುಂಬ ಕೂರುತ್ತಿದ್ದ ವಾಲ್ವ್ ರೇಡಿಯೋ ಕೈಚೀಲದಲ್ಲಿ ಹಿಡಿಯುವ ಟ್ರಾನ್ಸಿಸ್ಟರ್ ಆದುದು ಹೀಗೆ. ಆಮೇಲೆ ಪಟ್ಟಿಯಲ್ಲಿ ಅದರ ಮೇಲಿನ ಮನೆಯ ಸಿಲಿಕಾನು ಆ ಕೆಲಸವನ್ನು ವಹಿಸಿಕೊಂಡಿತು. ಇದೇ ಕಂಬಸಾಲನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಮನೆಯ ಸಾಮಾನುಗಳೇ ಕಾಣುತ್ತವೆ: ಇದ್ದಿಲಿನ ಇಂಗಾಲ, ಮರಳಿನಲ್ಲಿನ ಸಿಲಿಕಾನು, ಹಳೆಯ ಟ್ರಾನ್ಸಿಸ್ಟರಿನ ಜರ್ಮೇನಿಯಂ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ತವರ, ಮೋಟಾರಿನ ಬ್ಯಾಟರಿಯಲ್ಲಿರುವ ಸೀಸ. ಐದಕ್ಕೂ ಹೊರಗಿನ ಎಲೆಕ್ಟ್ರಾನುಗಳು ನಾಲ್ಕು.

ಮೆಂಡಲೀವನ ಪಟ್ಟಿಯಲ್ಲಿಯೂ ಒಂದು ತೊಡಕಿತ್ತು. ಟೆಲ್ಯೂರಿಯಂ ಎಂಬ ವಸ್ತು ಅಯೋಡೀನಿಗಿಂತ ಭಾರ. ಆದರೆ ಗುಣವನ್ನು ನೋಡಿದರೆ ಅಯೋಡೀನಿಗೆ ಮುಂಚೆಯೇ ಬರಬೇಕು. ೧೯೧೩ರಲ್ಲಿ ಇಂಗ್ಲೆಂಡಿನ ಮೋಸ್ಲಿ ಎಂಬ ಯುವಕನು ಮೂಲವಸ್ತುಗಳಿಂದ ಹೊರಡುವ ಎಕ್ಸ್-ಕಿರಣಗಳನ್ನು ಅಳೆದು, ಪಟ್ಟಿಯನ್ನು ನಡೆಸುವುದು ತೂಕವಲ್ಲ, ಬೀಜಕೇಂದ್ರದ ಧನ ವಿದ್ಯುತ್ತಿನ ಸಂಖ್ಯೆ ಎಂದು ತೋರಿಸಿದನು. ಟೆಲ್ಯೂರಿಯಂ ೫೨, ಅಯೋಡೀನು ೫೩, ತೊಡಕು ಬಿಡಿಸಿತು. ಎರಡು ವರ್ಷಗಳ ನಂತರ, ೧೯೧೫ರಲ್ಲಿ, ಗಲಿಪೊಲಿಯ ಯುದ್ಧದಲ್ಲಿ ಮೋಸ್ಲಿ ಗುಂಡಿಗೆ ಬಲಿಯಾದನು. ಆಗ ಅವನಿಗೆ ೨೭ ವರ್ಷ.

ಪಟ್ಟಿಯ ಏಳನೆಯ ಸಾಲು ಪೂರ್ಣವಾದುದು ನಮ್ಮ ಕಾಲದಲ್ಲಿ. ೨೦೧೬ರಲ್ಲಿ ನಿಹೋನಿಯಂ, ಮಾಸ್ಕೋವಿಯಂ, ಟೆನೆಸೀನ್, ಒಗನೆಸ್ಸಾನ್ ಎಂಬ ನಾಲ್ಕು ಹೆಸರುಗಳು ಸೇರಿ ಖಾಲಿ ಮನೆಗಳೆಲ್ಲ ತುಂಬಿದವು. ಪಟ್ಟಿಗೆ ನೂರೈವತ್ತು ವರ್ಷ ತುಂಬಿದ ೨೦೧೯ನ್ನು ವಿಶ್ವಸಂಸ್ಥೆಯು ಆವರ್ತ ಕೋಷ್ಟಕದ ವರ್ಷವೆಂದು ಆಚರಿಸಿತು.

ಪಟ್ಟಿಯನ್ನು ತಿಳಿದರೆ ಬರುವ ಲಾಭ

ಶಾಲೆಯ ಗೋಡೆಯ ಮೇಲಿನ ಈ ಪಟ್ಟಿ ಪರೀಕ್ಷೆಗೆ ಬಾಯಿಪಾಠ ಮಾಡುವುದಕ್ಕೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಎರಡು ಮಾತುಗಳನ್ನು ಹೇಳಿ ಈ ತಿಳಿವಳಿಕೆಯನ್ನು ತಿದ್ದಲು ಯತ್ನಿಸುತ್ತೇನೆ.

ಒಂದನೆಯದು, ಒಂದೇ ಕಂಬಸಾಲಿನವರ ಹೋಲಿಕೆ. ಕ್ಯಾಲ್ಸಿಯಮ್ಮಿನ ಕೆಳಗಿನ ಮನೆಯಲ್ಲಿ ಸ್ಟ್ರಾನ್ಷಿಯಂ ಇದೆ. ೧೯೫೦ರ ದಶಕದಲ್ಲಿ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸುತ್ತಿದ್ದಾಗ ಹುಟ್ಟಿದ ವಿಕಿರಣ ಸ್ಟ್ರಾನ್ಷಿಯಂ ಮಳೆಯೊಡನೆ ಹುಲ್ಲಿಗೆ ಇಳಿಯಿತು; ಹುಲ್ಲಿನಿಂದ ಹಸುವಿನ ಹಾಲಿಗೆ, ಹಾಲಿನಿಂದ ಮಕ್ಕಳ ಎಲುಬಿಗೆ ಸೇರಿತು. ಹೊರಗಿನ ಎರಡು ಎಲೆಕ್ಟ್ರಾನುಗಳನ್ನು ಕಂಡು ಮೈಯು ಅದನ್ನು ಕ್ಯಾಲ್ಸಿಯಂ ಎಂದೇ ಬಗೆದು ಎಲುಬಿನಲ್ಲಿ ಇಟ್ಟುಕೊಂಡಿತು. ಮಕ್ಕಳ ಹಾಲುಹಲ್ಲುಗಳಲ್ಲಿ ಅದು ಕಂಡುಬಂದುದು ಜನರ ಕಣ್ಣು ತೆರೆಸಿತು. ೧೯೬೩ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಇಂಥ ಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದಕ್ಕೆ ಅಮೆರಿಕ, ಸೋವಿಯತ್ ರಷ್ಯಾ, ಬ್ರಿಟನ್ನುಗಳು ಸಹಿ ಮಾಡಿದವು. ಪಟ್ಟಿಯನ್ನು ಬಲ್ಲವರು ಈ ಅಪಾಯವನ್ನು ಮೊದಲೇ ಊಹಿಸಬಹುದಾಗಿತ್ತು.

ಎರಡನೆಯದು ನಮ್ಮ ತೋಟಗಳಿಗೇ ಸಂಬಂಧಿಸಿದುದು. ಮೂಲವಸ್ತು ಸಾಯುವುದಿಲ್ಲ. ಎಲೆ ಕೊಳೆತು ಗೊಬ್ಬರವಾಗುತ್ತದೆ. ಎಷ್ಟೋ ಕೀಟನಾಶಕಗಳೂ ಬಿಸಿಲಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಒಡೆದು ಬೇರೆ ವಸ್ತುಗಳಾಗುತ್ತವೆ. ಆದರೆ ತಾಮ್ರದ ಪರಮಾಣುವನ್ನು ಒಡೆಯುವ ಸೂಕ್ಷ್ಮಜೀವಿ ಇಲ್ಲ. ಮೈಲುತುತ್ತದ ತೂಕದಲ್ಲಿ ನಾಲ್ಕನೆಯ ಒಂದು ಪಾಲು ತಾಮ್ರ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತದಂತೆ ಹತ್ತು ಪೀಪಾಯಿ ಸಿಂಪಡಿಸಿದರೆ ಎರಡೂವರೆ ಕಿಲೋ ತಾಮ್ರ ತೋಟಕ್ಕೆ ಇಳಿದಂತಾಯಿತು. ಅದರಲ್ಲಿ ಬಹುಭಾಗ ಮಳೆಯೊಡನೆ ಮಣ್ಣಿಗೆ ಸೇರಿ ಮೇಲುಮಣ್ಣಿನಲ್ಲಿಯೇ ನಿಲ್ಲುತ್ತದೆ. ಯುರೋಪಿನ ಹಳೆಯ ದ್ರಾಕ್ಷಿತೋಟಗಳ ಮಣ್ಣಿನಲ್ಲಿ ಹೀಗೆ ತಲೆಮಾರುಗಳ ತಾಮ್ರ ಶೇಖರವಾಗಿ ಎರೆಹುಳುಗಳಿಗೂ ಬೇರುಗಳಿಗೂ ತೊಂದರೆಯಾದುದನ್ನು ಕಂಡಿದ್ದಾರೆ. ಮದ್ದನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಬೇಕಾದ ಕಾಲಕ್ಕೆ, ಬೇಕಾದ ಅಳತೆಯಲ್ಲಿ, ಬೇಕಾದ ಗಿಡಕ್ಕೆ ಮಾತ್ರ ಹಾಕಬೇಕು. ಹೆಚ್ಚು ಹಾಕಿದರೆ ಹೆಚ್ಚು ಗುಣವೆಂಬ ನಂಬಿಕೆಯನ್ನು ಬಿಡಬೇಕು.

ನೆರೆಮನೆಯವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಕಾಫಿಯ ಗಿಡಕ್ಕೆ ಸತುವಿನ ಕೊರತೆಯಾದರೆ ಹೊಸ ಎಲೆಗಳು ಕಿರಿದಾಗಿ, ಮೊನಚಾಗಿ, ಗೆಣ್ಣುಗಳ ನಡುವಣ ಅಂತರ ಕುಗ್ಗಿ ಬರುತ್ತವೆ. ತಾಮ್ರ ೨೯, ಸತು ೩೦, ಪಕ್ಕದ ಮನೆಯೇ. ಆದರೂ ಎಷ್ಟು ಬೋರ್ಡೋ ಸಿಂಪಡಿಸಿದರೂ ಆ ಕೊರತೆ ನೀಗದು, ಸತುವನ್ನೇ ಕೊಡಬೇಕು. ಗಿಡಕ್ಕೆ ಏನು ಸಾಲದೆಂಬುದನ್ನು ಎಲೆಯನ್ನು ನೋಡಿ ಊಹಿಸುವುದಕ್ಕಿಂತ ಮಣ್ಣನ್ನೂ ಎಲೆಯನ್ನೂ ಪರೀಕ್ಷೆಗೆ ಕಳುಹಿಸುವುದು ಒಳ್ಳೆಯದು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಕೊಡಗಿನವರಿಗೆ ದೂರವೇನಲ್ಲ.

ಪೇಟೆಯ ಮನೆಗಳಲ್ಲಿಯೂ ಇದೇ ಲೆಕ್ಕ ನಡೆಯುತ್ತಿದೆ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಣಿಸೆಹುಳಿಯ ಸಾರನ್ನು ಇಡಬಾರದೆಂದು ಹಿರಿಯರು ಹೇಳುತ್ತಿದ್ದರು. ಹುಳಿಗೂ ಗಾಳಿಗೂ ಸಿಕ್ಕಿದ ತಾಮ್ರ ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನಾಗಿ ಸಾರಿಗೆ ಇಳಿಯುತ್ತದೆ. ಅದನ್ನು ಉಂಡರೆ ವಾಂತಿಯಾಗುತ್ತದೆ. ಮಾಡಿನ ಮೇಲಿನ ಜಿಂಕ್ ಶೀಟು ಕೊಡಗಿನ ಮಳೆಯಲ್ಲಿಯೂ ವರ್ಷಗಟ್ಟಲೆ ತುಕ್ಕು ಹಿಡಿಯದಿರುವುದು, ಮೇಲಿನ ಸತುವು ಕಬ್ಬಿಣಕ್ಕಿಂತ ಮೊದಲು ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು ತಾನು ಸವೆದು ಒಳಗಿನ ಕಬ್ಬಿಣವನ್ನು ಕಾಯುವುದರಿಂದ. ಕತ್ತಿಯಲ್ಲಿ ಕಬ್ಬಿಣ ಕೊಡುವವನು, ತಾಮ್ರ ಪಡೆಯುವವನು. ಮಾಡಿನಲ್ಲಿ ಸತು ಕೊಡುವವನು, ಕಬ್ಬಿಣ ಉಳಿಯುವವನು.

ಮುಂದಿನ ಬಾರಿ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ತೋಟದಲ್ಲಿ ಕೆಂಪೇರಿದ ಕತ್ತಿಯನ್ನು ಹಿಡಿದು ಪ್ರಶ್ನೆ ಕೇಳಿದರೆ, ಬೆರಳಿನಿಂದ ಮುಟ್ಟದೆ ಬೂದಿಯಿಂದ ಉಜ್ಜಲು ಹೇಳಿ, ಕೆಳಗೆ ಕಬ್ಬಿಣ ಇದ್ದ ಹಾಗೆಯೇ ಇರುವುದನ್ನು ತೋರಿಸಿರಿ. ಆಮೇಲೆ ಶಾಲೆಯ ಪುಸ್ತಕದ ಕೊನೆಯಲ್ಲಿರುವ ಪಟ್ಟಿಯನ್ನು ತೆರೆದು ೨೬ನ್ನೂ ೨೯ನ್ನೂ ಹುಡುಕಿಸಿರಿ. ಅಷ್ಟಾದ ಮೇಲೆ, ಪೀಪಾಯಿಗೆ ಇನ್ನೂ ಸ್ವಲ್ಪ ಸುಣ್ಣ ಹಾಕುವುದನ್ನು ಮರೆಯಬೇಡಿರಿ.